ತಂದೆಗೂ ಇತ್ತು

ಆ ಸಾಲು ಬರೆದವನು ನಾನು. ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಹೇಳಿದರೆ ಇಷ್ಟೇ: ತಂದೆಗೂ ಇದೇ ಕಾಯಿಲೆ ಇತ್ತು. ನಾಲ್ಕು ಪದ. ಬಯ್ಯಪ್ಪನ ಹದಿನೈದು ವರ್ಷವನ್ನು ಆ ನಾಲ್ಕು ಪದ ತಿಂದು ಹಾಕಿದವು.

ನಾನು ಚನ್ನಕೇಶವ. ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು, ಹವಾಲ್ದಾರನಾಗಿ ಊರಿಗೆ ಬಂದವನು. ಗುಂಡು ಹಾರಿಸಿದ್ದಕ್ಕಿಂತ ಮೊಹರು ಒತ್ತಿದ್ದೇ ಹೆಚ್ಚು. ನಮ್ಮೂರು ಚಿಕ್ಕಬಳ್ಳಾಪುರಕ್ಕೆ ಹತ್ತಿರ, ಸ್ಕಂದಗಿರಿಯ ಮಗ್ಗುಲಿಗೆ. ತಾಲ್ಲೂಕಿನ ಮಾಜಿ ಸೈನಿಕರು ಅರ್ಜಿ ಬರೆಸಬೇಕೆಂದರೆ ಇವತ್ತಿಗೂ ನನ್ನ ಹತ್ತಿರವೇ ಬರುತ್ತಾರೆ. ಚನ್ನಕೇಶವನ ಅಕ್ಷರ ಚೆನ್ನ ಎಂಬ ಹೆಸರಿದೆ. ಆ ಹೆಸರಿಗಿಷ್ಟು ಬೆಂಕಿ ಹಾಕ.

ಬಯ್ಯಪ್ಪನೂ ಅದೇ ಊರಿನವನು. ನಾವು ಗೌಡರು, ನಮ್ಮ ಮನೆ ಊರ ನಡುವೆ. ಅವನ ಮನೆ ಊರಾಚೆ, ದಲಿತರ ಕೇರಿಯಲ್ಲಿ. ಅವನಿಗೀಗ ನಲವತ್ತನಾಲ್ಕು. ಬೆರಳುಗಳೆಲ್ಲ ಒಂದೇ ಪಕ್ಕಕ್ಕೆ ಸೊಟ್ಟಗೆ ವಾಲಿವೆ. ಮಣಿಕಟ್ಟು ಊದಿದೆ. ಮಂಡಿ ಮಡಚುವುದಿಲ್ಲ. ಹೆಂಡತಿ ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸಿನ ವ್ಯಾನು ಹತ್ತಿ ಹೋಗುತ್ತಾಳೆ. ಅಂಗಿಯ ಗುಂಡಿ ಹಾಕುವುದು ಮಗಳು ಹರಿಣಿ. ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಾನೆ. ಕಕ್ಕಸಿನಲ್ಲಿ ಕೂತರೆ ಏಳುವುದಕ್ಕೆಂದು ಗೋಡೆಗೆ ಹಗ್ಗ ಕಟ್ಟಿಕೊಂಡಿದ್ದಾನೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಊರಿಗೆ ಬಂದಾಗಿನಿಂದ ಅವನ ಮನೆಯ ಮುಂದೆ ಸ್ಕೂಟರಿನಲ್ಲಿ ಹೋಗಿ ಬಂದೆ.

ಅವನು ಸೇನೆಗೆ ಸೇರಿದ್ದು ಇಪ್ಪತ್ತರ ವಯಸ್ಸಿಗೆ. ಭರ್ತಿಯ ಓಟದಲ್ಲಿ ಇಡೀ ಗುಂಪಿಗೇ ಮೊದಲು ಬಂದವನು. ಉತ್ತರದ ಕಡೆಯ ಒಂದು ಡಿಪೋಗೆ ಹಾಕಿದರು. ಆಮೇಲೆ ನನಗೂ ಅಲ್ಲಿಗೇ ವರ್ಗವಾಯಿತು. ಹಳೆಯ ಲಾರಿಗಳ ಬಿಡಿಭಾಗಗಳು ಗ್ರೀಸು ಮೆತ್ತಿಕೊಂಡು ಅಲ್ಲಿಗೆ ಬರುತ್ತಿದ್ದವು. ಉದ್ದನೆಯ ಕಬ್ಬಿಣದ ತೊಟ್ಟಿ. ಅದರ ತುಂಬ ಗ್ರೀಸು ಕರಗಿಸುವ ರಾಸಾಯನಿಕ. ನೋಡಲು ತಿಳಿನೀರು, ವಾಸನೆಗೆ ತಲೆ ತಿರುಗುತ್ತಿತ್ತು. ಬಯ್ಯಪ್ಪನ ಕೆಲಸ ಆ ಭಾಗಗಳನ್ನು ಅದರಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜುವುದು. ಕೈ ಮೊಣಕೈವರೆಗೆ ಅದರೊಳಗೇ. ದಿನಕ್ಕೆ ಎಂಟು ಗಂಟೆ. ಒಟ್ಟು ಆರು ವರ್ಷ. ಚರ್ಮ ಬಿಳಿಚಿಕೊಂಡು ಸುಲಿದು ಬರುತ್ತಿತ್ತು. ಊಟಕ್ಕೆ ಕೂತರೆ ಅನ್ನವೂ ಅದೇ ವಾಸನೆ ಹೊಡೆಯುತ್ತದೆ ಅನ್ನುತ್ತಿದ್ದ.

ಕೈಗವಸು ಇರಲಿಲ್ಲವೇ ಎಂದರೆ ಇತ್ತು. ಬೀರುವಿನಲ್ಲಿತ್ತು. ದೊಡ್ಡ ಅಧಿಕಾರಿಗಳು ತಪಾಸಣೆಗೆ ಬರುವ ದಿನ ಹೊರಗೆ ತೆಗೆದು ಎಲ್ಲರಿಗೂ ಹಾಕಿಸುತ್ತಿದ್ದರು. ಸಂಜೆಗೆ ಒರೆಸಿ ಒಳಗಿಡುತ್ತಿದ್ದರು. ಆ ಬೀರುವಿನ ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಅಲ್ಲಿನವರು ಆ ರಾಸಾಯನಿಕವನ್ನು ದವಾಯಿ ಎನ್ನುತ್ತಿದ್ದರು. ನಮ್ಮ ಕಡೆ ತೋಟಕ್ಕೆ ಹೊಡೆಯುವ ವಿಷವನ್ನು ಔಷಧಿ ಎನ್ನುತ್ತೇವಲ್ಲ, ಹಾಗೆ.

೨೦೦೯ರ ಚಳಿಗಾಲ. ಬಯ್ಯಪ್ಪನ ಕೀಲುಗಳು ಊದಿ ಒಂದು ವರ್ಷವಾಗಿತ್ತು. ಸೇವೆಗೆ ಅನರ್ಹ ಎಂದು ಮನೆಗೆ ಕಳಿಸುವುದು ನಿಶ್ಚಯವಾಗಿತ್ತು. ವೈದ್ಯ ಮಂಡಳಿಯ ಮುಂದೆ ಹೋಗುವ ಮೊದಲು ಸೈನಿಕ ತನ್ನ ಸ್ವಂತ ಹೇಳಿಕೆ ತುಂಬಿಕೊಡಬೇಕು. ಸ್ವಂತ ಹೇಳಿಕೆ ಅಂದರೆ ಗುಮಾಸ್ತನ ಹೇಳಿಕೆ. ಅಲ್ಲಿನ ಪದ್ಧತಿಯೇ ಹಾಗೆ. ಇಂಗ್ಲಿಷ್ ಬರುವವನು ಬರೆಯುತ್ತಾನೆ, ಕಾಯಿಲೆ ಇರುವವನು ರುಜು ಹಾಕುತ್ತಾನೆ. ಬಯ್ಯಪ್ಪ ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದ. ಆ ಇಡೀ ಡಿಪೋದಲ್ಲಿ ನಮ್ಮ ಕಡೆಯ ಕನ್ನಡ ಆಡುವವರು ನಾವಿಬ್ಬರೇ. ಊರಿನವನೇ ಬರೆಯುತ್ತಿದ್ದಾನೆ ಎಂಬ ಧೈರ್ಯ ಅವನ ಮುಖದಲ್ಲಿತ್ತು.

ಕಾಯಿಲೆಗೆ ಕಾರಣವೇನು ಎಂಬ ಕಾಲಂ ಬಂತು. ತಿಳಿದಿಲ್ಲ ಎಂದು ಬರೆದೆ. ಕುಟುಂಬದಲ್ಲಿ ಯಾರಿಗಾದರೂ ಇದೇ ಕಾಯಿಲೆ ಇತ್ತೇ ಎಂಬ ಕಾಲಂ ಬಂತು. ಅವನನ್ನು ಕೇಳಬೇಕಿತ್ತು. ಕೇಳಲಿಲ್ಲ. ಅವರ ಮನೆಯದು ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡೆ. ಊರಿನವನಿಗೆ ಊರಿನವನು ಮಾಡುವ ದ್ರೋಹ ಹೀಗೇ ಶುರುವಾಗುತ್ತದೆ. ಅವನಪ್ಪ ನಲ್ಲಪ್ಪ ನಮ್ಮ ಮನೆಯ ಆಳು. ಜೀತ ಎಂಬ ಹೆಸರು ಮಾತ್ರ ಆಗ ಹೋಗಿತ್ತು. ಅವನಿಗೂ ಕೈಕಾಲಿನ ಕೀಲುಗಳು ಊದಿ, ಸೊಟ್ಟಗಾಗಿ, ಕೊನೆಗೆ ನೆಲ ಹಿಡಿದು ಸತ್ತಿದ್ದ. ಬರೆದೆ. ಬಯ್ಯಪ್ಪ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ರುಜು ಹಾಕಿದ.

ಅಪ್ಪನಿಗೂ ಇತ್ತು ಅಂದರೆ ಮಂಡಳಿಯವರಿಗೆ ಪಾಪ ಅನ್ನಿಸುತ್ತದೆ, ಪಿಂಚಣಿ ಬೇಗ ಆಗುತ್ತದೆ, ಅದಕ್ಕೇ ಬರೆದೆ. ಹದಿನೈದು ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡು ನಿದ್ದೆ ಮಾಡಿದ್ದೇನೆ.

ಮಂಡಳಿಯವರು ತೀರ್ಮಾನ ಬರೆದರು. ಕಾಯಿಲೆ ವಂಶದಿಂದ ಬಂದದ್ದು. ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಒಂಬತ್ತು ವರ್ಷ ದುಡಿದವನು ಟ್ರಂಕು ಹೊತ್ತುಕೊಂಡು ಬರಿಗೈಲಿ ಬಂದ. ಟ್ರಂಕನ್ನೂ ಅವನು ಹೊರಲಿಲ್ಲ, ಬಸ್ಸಿನ ಕಂಡಕ್ಟರು ಇಳಿಸಿಕೊಟ್ಟನಂತೆ. ಒಂದು ಮೇಲ್ಮನವಿ ಹಾಕಿದ. ಅದೇ ಮಾತು ವಾಪಸ್ಸು ಬಂತು. ಆಮೇಲೆ ಬೆಟ್ಟದ ಕೆಳಗೆ, ಬೆಂಗಳೂರಿನಿಂದ ಬರುವವರ ಕಾರುಗಳನ್ನು ಕಾಯುವ ಕೆಲಸಕ್ಕೆ ನಿಂತ. ನಿಲ್ಲುವುದಕ್ಕೂ ಆಗದೆ ಅದನ್ನೂ ಬಿಟ್ಟ.

ಈ ವರ್ಷ ಫೆಬ್ರವರಿಯಲ್ಲಿ ಹರಿಣಿ ನಮ್ಮ ಮನೆಗೆ ಬಂದಳು, ಅಪ್ಪನನ್ನೂ ಕರೆದುಕೊಂಡು. ಅವಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅಪ್ಪನ ಇಡೀ ಫೈಲಿನ ನಕಲು ತರಿಸಿದ್ದಳು. ಬೆಂಗಳೂರಿನ ಡಾಕ್ಟರೊಬ್ಬರಿಗೆ ತೋರಿಸಿದ್ದಳು. ಅವರು ಒಂದು ಇಂಜೆಕ್ಷನ್ನು ಹೇಳಿದ್ದಾರೆ, ತಿಂಗಳಿಗೊಮ್ಮೆ ಬಿಡದೆ ಕೊಡಬೇಕು, ಈಗ ಶುರು ಮಾಡಿದರೆ ಬಲಗೈಯಾದರೂ ಉಳಿಯಬಹುದು, ಇನ್ನೊಂದು ವರ್ಷ ಬಿಟ್ಟರೆ ಅದೂ ಇಲ್ಲ ಎಂದಳು. ಅಂಗವೈಕಲ್ಯ ಪಿಂಚಣಿ ಮಂಜೂರಾದರೆ ಸೈನಿಕರ ಆಸ್ಪತ್ರೆಯಲ್ಲೇ ಅದು ಸಿಗುತ್ತದೆ. ಅದಕ್ಕೆ ಬೆಂಗಳೂರಿನ ಸೈನಿಕರ ನ್ಯಾಯಮಂಡಳಿಗೆ ಹೋಗಬೇಕು. ಉಳಿದಿರುವುದು ಅದೊಂದೇ ಬಾಗಿಲು.

ಅವಳು ನನ್ನ ಮೇಜಿನ ಮೇಲೆ ಹಾಳೆ ಹರಡಿದಳು. ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಹರಿಣಿ ಆ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಬರೆದಿರಬಹುದು ಅಂಕಲ್ ಎಂದು ಕೇಳಿದಳು. ಡಿಪೋದಲ್ಲಿ ಗುಮಾಸ್ತರು ಬದಲಾಗುತ್ತಲೇ ಇರುತ್ತಾರಮ್ಮ, ಹೇಳುವುದು ಕಷ್ಟ ಎಂದೆ. ಬಯ್ಯಪ್ಪ ಕುರ್ಚಿಯ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. ನನ್ನ ಹೆಂಡತಿ ಕಾಫಿ ತಂದಳು. ಲೋಟ ಇಡಲು ಜಾಗ ಮಾಡುವ ನೆಪದಲ್ಲಿ ಆ ಹಾಳೆಯನ್ನು ಮಡಚಿದೆ.

ವಕೀಲ ರಮೇಶ್‌ಬಾಬು ಚಿಕ್ಕಬಳ್ಳಾಪುರದವರು. ಬೆಂಗಳೂರಿಗೆ ಹೋಗಿ ಸೈನಿಕರ ಕೇಸು ನಡೆಸುತ್ತಾರೆ. ನಾನೇ ಅವರ ಕಚೇರಿಗೆ ಕರೆದುಕೊಂಡು ಹೋದೆ. ಮಾಡಿದ ಪಾಪಕ್ಕೆ ಸ್ಕೂಟರಿನ ಪೆಟ್ರೋಲು ಪ್ರಾಯಶ್ಚಿತ್ತ. ಅವರು ಫೈಲು ಓದಿ, ಆರು ವರ್ಷ ತೊಟ್ಟಿಯ ಕೆಲಸ ಮಾಡಿದ್ದು ಸೇವಾ ದಾಖಲೆಯಲ್ಲೇ ಇದೆ, ಅಂಥ ರಾಸಾಯನಿಕದಿಂದ ಕೀಲುಗಳಿಗೆ ಹೀಗಾಗಬಹುದು ಎಂದು ಡಾಕ್ಟರೂ ಬರೆದಿದ್ದಾರೆ, ಕೇಸು ಗಟ್ಟಿಯಾಗಿದೆ ಎಂದರು. ಆಮೇಲೆ ಆ ಸಾಲಿಗೆ ಬಂದರು. ಇದಿರುವವರೆಗೆ ಏನೂ ನಡೆಯುವುದಿಲ್ಲ, ಇದನ್ನು ಬರೆದವರು ಯಾರು ಎಂದು ಕೇಳಿದರು.

ನಾನು ಕಿಟಕಿಯ ಕಡೆ ನೋಡಿದೆ.

"ಯಾರೋ ಕ್ಲರ್ಕು ಸಾರ್," ಎಂದ ಬಯ್ಯಪ್ಪ. "ಅವಾಗ ಬಾಳ ಜನ ಇದ್ರು."

ಬಹಳ ಜನ ಇರಲಿಲ್ಲ. ನಾನು, ಇನ್ನೊಬ್ಬ ಪಂಜಾಬಿನವನು, ಇಬ್ಬರೇ. ಅದು ಬಯ್ಯಪ್ಪನಿಗೆ ಗೊತ್ತು. ನಾನು ಬರೆಯುವುದನ್ನು ಎದುರಿಗೇ ಕೂತು ನೋಡಿದವನು. ಅವನು ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡೆ. ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ವಕೀಲರು ಒಂದು ಸುಲಭದ ದಾರಿ ತೋರಿಸಿದರು. ನಲ್ಲಪ್ಪನನ್ನು ಯಾವತ್ತೂ ಆಸ್ಪತ್ರೆಗೆ ಸೇರಿಸಿರಲಿಲ್ಲ. ಅವನ ಕಾಯಿಲೆಗೆ ಒಂದು ಚೀಟಿಯ ಗುರುತೂ ಇಲ್ಲ. ಅವನ ಹೆಂಡತಿ ಗಂಗುಲಮ್ಮ ಬದುಕಿದ್ದಾಳೆ. ನನ್ನ ಗಂಡನಿಗೆ ಅಂಥ ಕಾಯಿಲೆ ಇರಲೇ ಇಲ್ಲ ಎಂದು ಅವಳು ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಎದುರಿನವರು ಏನೂ ಮಾಡಲಾರರು. ಆ ಸಾಲು ಯಾವನೋ ಗುಮಾಸ್ತನ ಕೈತಪ್ಪು ಎಂದಾಗುತ್ತದೆ.

ನನಗೆ ಎದೆ ಹಗುರಾಯಿತು. ಸುಳ್ಳೇಕೆ, ಸಂತೋಷವೇ ಆಯಿತು. ಬಯ್ಯಪ್ಪನಿಗೆ ಪಿಂಚಣಿ ಬರುತ್ತದೆ, ನನ್ನ ಹೆಸರು ಬರುವುದಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮನೆಗೆ ಹೋಗಿ ಆ ಪ್ರಮಾಣಪತ್ರವನ್ನು ನಾನೇ ದುಂಡಗೆ ಬರೆದೆ. ಶಾಯಿಯ ಡಬ್ಬಿಯನ್ನೂ ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಕೇರಿಗೆ ಹೋದಾಗ ಗಂಗುಲಮ್ಮ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ನನಗಿಂತ ಹದಿಮೂರು ವರ್ಷ ದೊಡ್ಡವಳು. ನನಗೆ ಮಾತು ಬಂದಾಗಿನಿಂದ ಅವಳನ್ನು ಹೆಸರು ಹಿಡಿದೇ ಕೂಗಿದ್ದೇನೆ. ಬಯ್ಯಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಹರಿಣಿ ನನಗೆ ಕುರ್ಚಿ ತಂದು ಹಾಕಿದಳು. ಹೆಬ್ಬೆಟ್ಟು ಒತ್ತಬೇಕಂತೆ ಗಂಗುಲಮ್ಮ, ನಿನ್ನ ಮಗನ ಪಿಂಚಣಿಗೆ ಎಂದೆ. ಓದಿ ಹೇಳು ಎಂದಳು. ನಾನು ಓದಿದೆ. ನನ್ನ ಗಂಡ ನಲ್ಲಪ್ಪನವರಿಗೆ ಜೀವಮಾನದಲ್ಲಿ ಕೀಲುಗಳ ಯಾವುದೇ ಕಾಯಿಲೆ ಇರಲಿಲ್ಲ. ಅವರು ಆರೋಗ್ಯದಿಂದ ಇದ್ದು ವಯೋಸಹಜವಾಗಿ ತೀರಿಕೊಂಡರು.

ಅವಳ ಕೈ ನಿಂತಿತು.

"ಏಮಪ್ಪ ಚಿಕ್ಕಗೌಡ, ವಯೋಸಹಜ ಅಂದ್ರೇನು?"

ವಯಸ್ಸಾಗಿ ಸಾಯುವುದು ಎಂದೆ.

"ಐವತ್ ವರ್ಷ ತುಂಬಿರ್ಲಿಲ್ಲ ಅವಂಗೆ," ಎಂದಳು. "ಮುದ್ದೆ ಮುರಿಯಾಕೂ ಕೈ ಬರ್ತಿರ್ಲಿಲ್ಲ. ಏಳು ವರ್ಷ ನಾನು ಮುರ್ದು ಬಾಯಿಗಿಟ್ಟಿವ್ನಿ. ಉಚ್ಚೆಗೆ ನಾನೇ ಎತ್ತಿ ಕೂರ್ಸಿವ್ನಿ. ಅವನ ಕೈ ಸರಿಯಾಗಿತ್ತು ಅಂತ ನನ್ ಕೈಲಿ ಒತ್ತಿಸ್ತೀಯಾ?"

ಹರಿಣಿ ಅವಳ ಪಕ್ಕ ಕೂತು ಬೇಡಿಕೊಂಡಳು. ಅಪ್ಪನ ಕೇಸು ಅಜ್ಜಿ, ಇದೊಂದು ಕಾಗದ ಸಾಕು, ತಾತ ಇದ್ದಿದ್ದರೆ ಅವರೇ ಒತ್ತು ಅನ್ನುತ್ತಿದ್ದರು ಎಂದಳು. ಗಂಗುಲಮ್ಮ ಮೊಮ್ಮಗಳ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಕೈಯನ್ನು ಸೀರೆಗೆ ಒರೆಸಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು.

"ಒತ್ತಾಕಿಲ್ಲ," ಎಂದಳು. "ನನ್ ಮಗಂಗೆ ಬರ್ಬೇಕಾದ್ದು ಬರ್ಲಿ. ಅದಕ್ಕೋಸ್ಕರ ನನ್ ಗಂಡ ನೋವೇ ತಿನ್ಲಿಲ್ಲ ಅನ್ನಾಕಿಲ್ಲ. ಕಾಯ್ಲೆ ಇತ್ತು ಅಂತ್ಲೇ ಬರಿ. ಎಲ್ಲಿಂದ ಬಂತು ಅದನ್ನೂ ಬರಿ. ಯಾರನ್ನೋ ಕೇಳದೇನೈತೆ, ನೀನೇ ಇದ್ಯಲ್ಲ ಮೋಟ್ರು ಮನೆತಾವ."

ಹರಿಣಿ ನನ್ನ ಮುಖ ನೋಡಿದಳು. ಏನದು ಎಂದು ಕೇಳಿದಳು. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹೇಳಬೇಕಾಯಿತು. ಹೇಳಿದೆ.

ನಮ್ಮದು ದ್ರಾಕ್ಷಿ ತೋಟ. ಬಳ್ಳಿ ಚಪ್ಪರದ ಮೇಲಿರುತ್ತದೆ. ಔಷಧಿ ಹೊಡೆಯುವವನು ಚಪ್ಪರದ ಕೆಳಗೆ ನಿಂತು ಮೇಲಕ್ಕೆ ಹೊಡೆಯಬೇಕು. ಅರ್ಧ ಬಳ್ಳಿಗೆ, ಅರ್ಧ ಅವನ ಮೈಗೆ. ಹೊಡೆಯುತ್ತಿದ್ದವನು ನಲ್ಲಪ್ಪ. ಮೈಲುತುತ್ತ, ಸುಣ್ಣ ಡ್ರಮ್ಮಿನಲ್ಲಿ ಕಲಸುತ್ತಿದ್ದವನೂ ಅವನೇ. ಕೋಲಿನಿಂದ ತಿರುಗಿಸಿದರೆ ಗಂಟು ಉಳಿಯುತ್ತದೆ ಎಂದು ನಮ್ಮಪ್ಪ ಕೈ ಹಾಕಿ ಕಲಸು ಎನ್ನುತ್ತಿದ್ದರು. ಹುಳಕ್ಕೆ ಹೊಡೆಯುವ ಪುಡಿಯೂ ಅದೇ ಕೈಯಲ್ಲೇ ಕಲಸಬೇಕು. ಹನ್ನೊಂದು ವರ್ಷ. ಅವನ ಉಗುರು ಯಾವಾಗಲೂ ನೀಲಿ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಹೊಡೆಯಬೇಕಿತ್ತು.

ಉಳಿದ ದಿನ ಆಳುಗಳಿಗೆ ನಮ್ಮ ಬಾವಿಯ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ಔಷಧಿ ಹೊಡೆಯುವ ದಿನ ಅದೂ ಇಲ್ಲ. ಅವರು ಮುಟ್ಟಿದರೆ ಮೈಲಿಗೆ, ಔಷಧಿ ಮೆತ್ತಿಕೊಂಡು ಮುಟ್ಟಿದರೆ ವಿಷ, ಎರಡೂ ಸೇರಿ ಬಾವಿ ಕೆಡುತ್ತದೆ ಎಂಬುದು ನಮ್ಮ ಮನೆಯ ಕಟ್ಟಳೆ. ಕೈ ತೊಳೆಯಬೇಕೆಂದರೆ ಅರ್ಧ ಮೈಲಿ ಕೆಳಗೆ ಮಳೆನೀರು ನಿಲ್ಲುವ ಕುಂಟೆಗೆ ಹೋಗಬೇಕು. ಹ್ಞಾಂ, ಹೋಗಬಹುದಿತ್ತು. ಕೆಲಸ ಬಿಟ್ಟು ಹೋದರೆ ಬೈಗುಳ. ಹಾಗಾಗಿ ಬೆಳಿಗ್ಗೆ ಮೆತ್ತಿಕೊಂಡದ್ದು ಸಂಜೆವರೆಗೆ ಮೈಯಲ್ಲೇ ಒಣಗುತ್ತಿತ್ತು. ಹುಲ್ಲಿಗೆ ಕೈ ಒರೆಸಿಕೊಂಡು ಉಣ್ಣುತ್ತಿದ್ದ.

ಆಗ ನನಗೆ ಇಪ್ಪತ್ತು. ಕಾಲೇಜಿಗೆ ರಜೆ. ಮೋಟರು ಮನೆಯ ಮುಂದೆ ಪುಸ್ತಕ ಹಿಡಿದು ಕೂತಿದ್ದೆ. ಪೈಪಿನಿಂದ ತೊಡೆಯಷ್ಟು ದಪ್ಪಕ್ಕೆ ನೀರು ತೊಟ್ಟಿಗೆ ಬೀಳುತ್ತಿತ್ತು. ನಲ್ಲಪ್ಪ ಬಂದು ಹತ್ತು ಮಾರು ದೂರದಲ್ಲಿ ನಿಂತ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ತೋಳಿನ ಮೇಲೆ ಬೊಬ್ಬೆ ಎದ್ದಿತ್ತು. ಉರೀತೈತೆ ಚಿಕ್ಕಗೌಡ್ರೆ, ಒಂದು ಬಿಂದಿಗೆ ನೀರು ಸುರೀರಿ ಎಂದ. ನನಗಿಂತ ಹದಿನೇಳು ವರ್ಷ ದೊಡ್ಡವನು. ನಾನು ಪುಸ್ತಕದಿಂದ ತಲೆ ಎತ್ತದೆ, ಕುಂಟೆಗೆ ಹೋಗೋ ಎಂದೆ. ಅವನು ಹೋದನೋ ಇಲ್ಲವೋ ನೋಡಲಿಲ್ಲ.

ಅಷ್ಟು ಹೇಳಿ ಮುಗಿಸಿದೆ. ಬಯ್ಯಪ್ಪನಿಗೆ ಆಗ ಆರು ವರ್ಷ. ಅವನಿಗೆ ಇದು ಗೊತ್ತಿತ್ತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. ಹರಿಣಿ ಕೇಳಿದಳು, ತಾತನಿಗೆ ಬಂದದ್ದು ವಂಶದಿಂದ ಅಲ್ಲ, ನಿಮ್ಮ ತೋಟದಿಂದ ತಾನೇ ಎಂದು. ಹೌದು ಎಂದೆ. ಇದನ್ನು ನೀವು ಪ್ರಮಾಣ ಮಾಡಿ ಬರೆದುಕೊಡುತ್ತೀರಾ ಎಂದಳು. ಯೋಚಿಸಿ ಹೇಳುತ್ತೇನಮ್ಮ ಎಂದೆ. ಯೋಚಿಸುವುದಕ್ಕೆ ಏನಿತ್ತು? ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಸಿಗೆಪಟ್ಟುಕೊಂಡೇ ಸ್ಕೂಟರು ಹತ್ತಿದೆ.

ಅಣ್ಣ ವೆಂಕಟರವಣಪ್ಪ ಈಗಲೂ ಅದೇ ತೋಟ ನೋಡಿಕೊಳ್ಳುತ್ತಾನೆ. ಈಗ ಟ್ರಾಕ್ಟರಿನಲ್ಲಿ ಔಷಧಿ ಹೊಡೆಸುತ್ತಾನೆ. ಸೊಸೈಟಿ ಎಲೆಕ್ಷನ್ನಿಗೆ ನಿಂತಿದ್ದಾನೆ. ಅವನಿಗೆ ವಿಷಯ ತಿಳಿಸಿದೆ. ಸುಳ್ಳು, ಹಾಗೇನೂ ನಡೆದಿಲ್ಲ ಎಂದು ಅವನು ಹೇಳಲಿಲ್ಲ. ನಾನು ಅದನ್ನು ಕಾಯುತ್ತಿದ್ದೆನೇನೋ. ಅವನು ಹೇಳಿದ್ದೇ ಬೇರೆ.

"ಸತ್ ಇಪ್ಪತ್ತೈದು ವರ್ಷ ಆದೋನ ಕೈ ತಂದು ನಮ್ಮನೆ ಬಾಗ್ಲಿಗೆ ಕಟ್ತೀಯಾ?" ಎಂದ. "ಬರ್ಕೊಡು. ಬರ್ಕೊಟ್ ಮೇಲೆ ಈ ಹೊಸಲು ತುಳೀಬೇಡ."

ಆಗಿನ ಕಾಲದಲ್ಲಿ ಎಲ್ಲರ ತೋಟದಲ್ಲೂ ಹಾಗೇ ಇತ್ತು, ನಮ್ಮದೊಂದೇ ಅಲ್ಲ ಎಂದು ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದರು. ಅದು ನಿಜ. ನಾನೂ ಆ ಮಾತನ್ನು ಹಿಡಿದುಕೊಂಡೆ. ಮನೆಗೆ ಬಂದು ಒಂದು ಮಧ್ಯದ ದಾರಿ ಹುಡುಕಿದೆ. ಗುಮಾಸ್ತನಿಗೆ ಮಧ್ಯದ ದಾರಿ ಹುಡುಕುವುದನ್ನು ಕಲಿಸಬೇಕೇ? ನನ್ನ ಪ್ರಮಾಣವಲ್ಲ, ಬಯ್ಯಪ್ಪನೇ ರುಜು ಹಾಕುವ ಅರ್ಜಿಯಾಗಿ, ನಲ್ಲಪ್ಪನವರು ಒಂದು ತೋಟದಲ್ಲಿ ಕೆಲಸ ಮಾಡುವಾಗ ಔಷಧಿಯ ಸಂಪರ್ಕದಿಂದ ಕಾಯಿಲೆಗೆ ಒಳಗಾದರು ಎಂದು ಬರೆದೆ. ತೋಟಕ್ಕೆ ಹೆಸರಿಲ್ಲ. ಬಾವಿ ಇಲ್ಲ. ನಾನಿಲ್ಲ.

ಮಾರ್ಚಿನಲ್ಲಿ ಮತ್ತೆ ವಕೀಲರ ಕಚೇರಿಗೆ ಹೋದೆವು. ಈ ಸಲ ಗಂಗುಲಮ್ಮನೂ ಬಂದಿದ್ದಳು. ನಾನು ಬರೆದದ್ದನ್ನು ಕೊಟ್ಟೆ. ರಮೇಶ್‌ಬಾಬು ಓದುವ ಮೊದಲೇ ಬಯ್ಯಪ್ಪ ತಡೆದ. ಮಗಳು ಓದಲಿ, ನಾನು ಕೇಳಿಸಿಕೊಳ್ಳಬೇಕು ಎಂದ. ಹರಿಣಿ ಗಟ್ಟಿಯಾಗಿ ಓದಿದಳು.

"ಒಂದು ತೋಟಕ್ಕೆ ಹೆಸರಿಲ್ವಾ ಅಣ್ಣ?" ಎಂದ ಬಯ್ಯಪ್ಪ. ನನ್ನನ್ನು ನೇರವಾಗಿ ನೋಡಿ ಅವನು ಆಡಿದ ಮೊದಲ ಮಾತು ಅದು. "ನಮ್ಮಪ್ಪಂಗೆ ಹೆಸರೈತೆ. ನಂಗೈತೆ. ಕಾಯ್ಲೆಗೂ ಐತೆ. ನಿಮ್ ತೋಟಕ್ಕೆ ಮಾತ್ರ ಇಲ್ವಾ? ಇದಕ್ಕೆ ನಾನು ರುಜು ಹಾಕಲ್ಲ. ಒಂದ್ಸಲ ಓದ್ದೆ ಹಾಕಿ ಸಾಕಾಗೈತೆ. ಪಿಂಚಣಿ ಬರ್ದಿದ್ರೆ ಬೇಡ. ಕೈ ಹೋದ್ರೆ ಹೋಗ್ಲಿ."

ವಕೀಲರು ಅವನನ್ನು ಸಮಾಧಾನ ಮಾಡಿದರು. ನ್ಯಾಯಮಂಡಳಿಯವರೂ ಅದನ್ನೇ ಕೇಳುತ್ತಾರೆ ಎಂದರು. ಯಾವ ತೋಟ, ಕಂಡವರು ಯಾರು? ಅದಕ್ಕಿಂತ ಮುಖ್ಯವಾದದ್ದು ಆ ಸಾಲು ಬರೆದ ಗುಮಾಸ್ತ. ಅವನು ಸಿಕ್ಕಿ, ತಾನು ಸೈನಿಕನನ್ನು ಕೇಳದೆ ಬರೆದೆ ಎಂದು ಒಪ್ಪಿಕೊಂಡರೆ ಕೇಸಿನ ಬಲವೇ ಬೇರೆ. ಇಲ್ಲವಾದರೆ ತಾಯಿ ಮಗನ ಪರ ಹೇಳುತ್ತಿದ್ದಾಳೆ ಎಂದು ತಳ್ಳಿಹಾಕುತ್ತಾರೆ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ಎಂದು ಅವರು ನಿಟ್ಟುಸಿರು ಬಿಟ್ಟರು.

ಬಯ್ಯಪ್ಪ ಸುಮ್ಮನೆ ನನ್ನನ್ನೇ ನೋಡುತ್ತ ಕೂತ. ಗಂಗುಲಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ನಾನೇ," ಎಂದೆ.

ರಮೇಶ್‌ಬಾಬು ಪೆನ್ನು ಕೆಳಗಿಟ್ಟರು. ವಕೀಲರ ದನಿಯಲ್ಲೇ ಕೇಳಿದರು. ಆ ಸಾಲು ಬರೆಯುವಾಗ, ತಂದೆಯ ಕಾಯಿಲೆ ತೋಟದ ವಿಷದಿಂದ ಬಂದದ್ದು ಎಂದು ನಿಮಗೆ ಗೊತ್ತಿತ್ತೋ, ಇಲ್ಲವೋ? ಗೊತ್ತಿರಲಿಲ್ಲ ಎಂದರೆ ನಿಮಗೆ ತೊಂದರೆಯಿಲ್ಲ. ಆದರೆ ಪ್ರಾಮಾಣಿಕವಾಗಿ ಬರೆದ ಸಾಲು ಎಂದು ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಗೊತ್ತಿದ್ದೂ ಬರೆದೆ ಎಂದರೆ ಸಾಲು ಬೀಳುತ್ತದೆ. ಅದರ ಜೊತೆ ನೀವೂ ಬೀಳಬಹುದು. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದ ಆರೋಪ, ನಿಮ್ಮ ಪಿಂಚಣಿಯವರೆಗೂ ಹೋಗಬಹುದು. ಯೋಚಿಸಿ ಹೇಳಿ.

"ಗೊತ್ತಿತ್ತು," ಎಂದೆ.

ಗೊತ್ತಿತ್ತು. ಕರುಣೆಗಾಗಿ ಬರೆದೆ ಎಂಬುದು ಸುಳ್ಳು. ಅವತ್ತು ಸ್ಟೂಲಿನ ಮೇಲೆ ಕೂತ ಬಯ್ಯಪ್ಪನ ಕೈ ನೋಡಿದಾಗ ನನಗೆ ಕಂಡದ್ದು ನಲ್ಲಪ್ಪನ ಕೈ. ಕೆಲಸದಿಂದ ಬಂದ ಕಾಯಿಲೆ ಎಂದು ಮಗನಿಗೆ ಬರೆದರೆ ಅಪ್ಪನಿಗೂ ಕೆಲಸದಿಂದಲೇ ಬಂತು ಎಂದು ನಾನೇ ಒಪ್ಪಿದಂತೆ. ಕಾಯಿಲೆ ಅವರ ಮೈಯಲ್ಲೇ ಇತ್ತು ಎಂದಾದರೆ ನಮ್ಮ ತೋಟದಲ್ಲಿ ಇರಲಿಲ್ಲ ಎಂದಾಗುತ್ತದೆ. ಆ ಜನದ ಮೂಳೆಯೇ ಹಾಗೆ ಎಂದು ನಮ್ಮಪ್ಪ ಹೇಳುತ್ತಿದ್ದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಸೇನೆಯ ಮೊಹರು ಒತ್ತಿದೆ. ಇಷ್ಟನ್ನೂ ಆ ಕೋಣೆಯಲ್ಲಿ ಬಾಯಿಬಿಟ್ಟು ಹೇಳಿದೆ. ಬೀರುವಿನ ಬೀಗದ ಕೈಯ ವಿಷಯವನ್ನೂ ಹೇಳಿದೆ.

ಹರಿಣಿ ಕೂಗಾಡಲಿಲ್ಲ. ಅಪ್ಪನ ಕಡೆ ತಿರುಗಿದಳು.

"ನಿಂಗೊತ್ತಿತ್ತಾ ಇವ್ರೇ ಬರ್ದಿದ್ದು ಅಂತ?"

"ಗೊತ್ತಿತ್ತಮ್ಮ."

"ಮತ್ಯಾಕೆ ಹೇಳ್ಲಿಲ್ಲ ಅಪ್ಪ?"

"ನಾನ್ ಹೇಳಿದ್ರೆ, ಕೇರಿಯೋನು ಗೌಡನ ಮೇಲೆ ಹೊರಿಸ್ತಾನೆ ಅಂತಾರೆ," ಎಂದ ಬಯ್ಯಪ್ಪ. "ಅವ್ರ ಬಾಯಲ್ಲೇ ಬರ್ಲಿ ಅಂತ ಕಾಯ್ತಿದ್ದೆ."

ಅವನು ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡಿದ್ದೆನಲ್ಲ. ಕಾಪಾಡುತ್ತಿರಲಿಲ್ಲ. ನೋಡುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿದ್ದನ್ನೂ ನೋಡಿದ್ದ.

ಅಲ್ಲೇ ಕೂತು ಹೊಸದಾಗಿ ಬರೆದೆ. ತೋಟದ ಹೆಸರು, ಸರ್ವೆ ನಂಬರು, ನಮ್ಮಪ್ಪನ ಹೆಸರು, ಅಣ್ಣನ ಹೆಸರು ಬರೆದೆ. ಬಾವಿಯ ಕಟ್ಟಳೆ ಬರೆದೆ. ಕುಂಟೆಗೆ ಹೋಗೋ ಎಂದದ್ದನ್ನೂ ಬರೆದೆ. ಅಷ್ಟು ಬೇಕಾಗಿಲ್ಲ ಎಂದರು ವಕೀಲರು. ಇರಲಿ ಸಾರ್ ಎಂದಳು ಹರಿಣಿ. ಅವಳು ಪ್ರತಿ ಸಾಲನ್ನೂ ಓದಿ ಹೇಳಿದಳು. ಎರಡು ಕಡೆ ನನ್ನನ್ನು ತಿದ್ದಿದಳು. ಸಂಪರ್ಕ ಎಂಬ ಪದ ಹೊಡೆದು ಹಾಕಿ, ಕೈಯಿಂದ ಕಲಸಿದರು ಎಂದು ಬರೆಸಿದಳು. ಗಂಗುಲಮ್ಮನ ಹೇಳಿಕೆ ಬೇರೆ ಹಾಳೆಯಲ್ಲಿ ಬಂತು. ಏಳು ವರ್ಷ ಊಟ ಮಾಡಿಸಿದ್ದು ಅದರಲ್ಲಿದೆ. ಅವಳು ಯಾರೂ ಹೇಳುವ ಮೊದಲೇ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಬಲವಾಗಿ ಒತ್ತಿದಳು. ಬಯ್ಯಪ್ಪ ತನ್ನ ಅರ್ಜಿಗೆ ರುಜು ಹಾಕಲು ಬಹಳ ಹೊತ್ತು ತೆಗೆದುಕೊಂಡ. ಪೆನ್ನು ಎರಡು ಸಲ ಬಿತ್ತು. ಯಾರೂ ಕೈ ಹಿಡಿಯಲು ಹೋಗಲಿಲ್ಲ.

ಮುಂದೇನಾಗುತ್ತದೋ ಗೊತ್ತಿಲ್ಲ. ವಿಚಾರಣೆ ಜುಲೈಯಲ್ಲಿ. ಸರದಿ ಉದ್ದ ಇದೆ, ಮುಂದಕ್ಕೆ ಹೋದರೂ ಹೋಗಬಹುದು ಎಂದರು ವಕೀಲರು. ಬಯ್ಯಪ್ಪನ ಕೈ ಅಲ್ಲಿಯವರೆಗೆ ಕಾಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವರ ಹಿಂದೆಯೇ ನಡೆದೆ. ಬಯ್ಯಪ್ಪ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವನು ನಿಂತಾಗ ನಾನೂ ನಿಲ್ಲುತ್ತಿದ್ದೆ. ಮೆಟ್ಟಿಲಿನ ಮೇಲೆ ಗಂಗುಲಮ್ಮ ಕೂತಳು, ಹರಿಣಿ ಬಸ್ಸು ನೋಡಲು ಹೋದಳು. ನನಗೆ ತಡೆಯಲಾಗಲಿಲ್ಲ. ಸುತ್ತ ಜನ ಇದ್ದರು. ಇರಲಿ ಎಂದುಕೊಂಡು ಅವನ ಮುಂದೆ ಕೈ ಮುಗಿದೆ.

"ತಪ್ಪಾಯ್ತು ಬಯ್ಯಪ್ಪ. ನನ್ನ ಕ್ಷಮ್ಸಪ್ಪ."

ಅವನು ನನ್ನ ಮುಗಿದ ಕೈಯನ್ನು ನೋಡಿದ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಕಚೇರಿಯ ಕಿಟಕಿಯೊಳಗಿಂದ ಗುಮಾಸ್ತರು ನೋಡುತ್ತಾರಲ್ಲ, ಹಾಗೆ ನೋಡಿದ.

"ನಂದೇ ಹದಿನೈದು ವರ್ಷದಿಂದ ಬಿದ್ದೈತೆ ಅಣ್ಣ," ಎಂದ. "ಮೊದ್ಲು ಅದು ತೀರ್ಮಾನ ಆಗ್ಲಿ. ನಿಮ್ ಅರ್ಜಿ ಅದ್ರ ಹಿಂದೆ ಇರ್ಲಿ."